ತೂಕದ ಲೆಕ್ಕ

ಸ್ಥೂಲಕಾಯರ ಸಂಕಟವನ್ನು ಕುರಿತು ಬೇಕಾದಷ್ಟು ಬರಹಗಳು ಬಂದಿವೆ. ಯಾವ ಪತ್ರಿಕೆಯನ್ನು ತಿರುವಿದರೂ ಹೊಟ್ಟೆ ಕರಗಿಸುವ ಉಪಾಯವೊಂದು ಕಣ್ಣಿಗೆ ಬೀಳುತ್ತದೆ. ಆದರೆ ಕೃಶಕಾಯರ ಪಾಡನ್ನು ಕೇಳುವವರು ವಿರಳ. ದಪ್ಪಗಿರುವವನನ್ನು ಕಂಡು ಜನ ನಗುತ್ತಾರೆ, ಅಷ್ಟೆ. ಸೊರಗಿದವನನ್ನು ಕಂಡರೆ ಮೊದಲು ಮರುಗುತ್ತಾರೆ, ಅನಂತರ ಉಪದೇಶ ಮಾಡುತ್ತಾರೆ, ಕೊನೆಗೆ ತುಸು ದೂರ ಸರಿದು ಕುಳಿತುಕೊಳ್ಳುತ್ತಾರೆ. ಸರಿದು ಕುಳಿತದ್ದೇಕೆಂಬುದು ಸೊರಗಿದವನಿಗೂ ಗೊತ್ತು, ಸರಿದವನಿಗೂ ಗೊತ್ತು. ಆದರೂ ಇಬ್ಬರೂ ಆ ಕಾಯಿಲೆಯ ಹೆಸರನ್ನು ಎತ್ತುವುದಿಲ್ಲ.

ನಾನು ಹೆಸರೆತ್ತಿಯೇ ಬರೆಯುತ್ತೇನೆ. ನನಗೆ ಬಂದದ್ದು ಕ್ಷಯ. ಅದಕ್ಕೆ ಎಂಟು ವರ್ಷ ಮೊದಲೇ ಸಕ್ಕರೆ ಕಾಯಿಲೆ ಬಂದು, ಹೊರಡಲೊಲ್ಲದ ನೆಂಟನಂತೆ ಮನೆಯಲ್ಲಿ ಬೀಡುಬಿಟ್ಟಿತ್ತು. ಸಕ್ಕರೆ ಕಾಯಿಲೆಯುಳ್ಳವರಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹಳೆಯ ನೆಂಟನೇ ಹೊಸಬನಿಗೆ ಬಾಗಿಲು ತೆರೆದನೆಂದು ಹೇಳಬಹುದು.

ನಾನು ಹುಟ್ಟಿದ ಊರು ಕುರುಗೋಡು. ಹೊಟ್ಟೆ ಹೊರೆಯುವ ಊರು ಸಿರುಗುಪ್ಪ. ಔಷಧೋಪಚಾರ ಪಡೆದ ಊರು ಬಳ್ಳಾರಿ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ನಾನು ಗುಮಾಸ್ತ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಜೋಳದ ಸೀಮೆಯಾಗಿದ್ದ ನಮ್ಮ ಪ್ರಾಂತ ಭತ್ತದ ಸೀಮೆಯಾಯಿತು. ನನ್ನಂಥವರ ಜೀವನ ಆ ಭತ್ತವನ್ನು ತೂಗುವುದರಲ್ಲಿಯೇ ಸಾಗಿತು. ಭತ್ತದ ಒಂದು ಚೀಲವೆಂದರೆ 75 ಕಿಲೋ. 2024ರ ನವೆಂಬರಿನಲ್ಲಿ ಕಾಟಾದ ಮೇಲೆ ನಾನೇ ನಿಂತಾಗ ಮುಳ್ಳು 45ರಲ್ಲಿ ನಿಂತಿತು. ಆರು ತಿಂಗಳ ಹಿಂದೆ 58 ಇದ್ದ ದೇಹ ಅದು. ಹಮಾಲಿಯೊಬ್ಬನು, "ಗುಮಾಸ್ತರನ್ನ ಒಂದ ಕೈಯಾಗ ಎತ್ತಿ ಲಾರಿಗೆ ಹಾಕಬಹುದು ನೋಡ್ರಿ" ಎಂದು ನಕ್ಕನು. ಅವನ ನಗೆಯಲ್ಲಿ ಕೆಡುಕಿರಲಿಲ್ಲ. ಆದರೆ ಮಾತು ನಿಜವಾಗಿತ್ತು.

ಕ್ಷಯವೆಂದರೆ ಸವೆಯುವುದು. ನಮ್ಮ ಪೂರ್ವಿಕರು ಈ ಕಾಯಿಲೆಯ ಲಕ್ಷಣವನ್ನೇ ಅದಕ್ಕೆ ಹೆಸರಾಗಿಟ್ಟರು. ದಕ್ಷನ ಶಾಪದಿಂದ ರಾಜಯಕ್ಷ್ಮ ಹಿಡಿದ ಚಂದ್ರನು ದಿನದಿನಕ್ಕೆ ಕ್ಷೀಣಿಸಿದ ಕಥೆ ಪುರಾಣದಲ್ಲಿದೆ. ಆ ಕಥೆಯಲ್ಲಿ ನನಗೆ ಹಿಡಿಸಿದ ಅಂಶ ಶಾಪವಲ್ಲ, ಶಾಪದ ಪರಿಹಾರ. ಸವೆದ ಚಂದ್ರ ಒಂದೇ ರಾತ್ರಿಯಲ್ಲಿ ತುಂಬಿಕೊಳ್ಳಲಿಲ್ಲ. ದಿನಕ್ಕೊಂದು ಕಳೆಯಂತೆ ಬೆಳೆದನು. ಕಳೆದುಕೊಂಡದ್ದನ್ನು ಕಳೆದುಕೊಂಡ ರೀತಿಯಲ್ಲಿಯೇ, ಸ್ವಲ್ಪ ಸ್ವಲ್ಪವಾಗಿ, ಗಳಿಸಬೇಕಾಯಿತು.

ಬಳ್ಳಾರಿಯ ವೈದ್ಯರು ನನ್ನ ಎತ್ತರವನ್ನೂ ತೂಕವನ್ನೂ ಕಾಗದದ ಮೇಲೆ ಬರೆದು ಲೆಕ್ಕ ಹಾಕಿದರು. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಬೇಕು. ಬಂದ ಸಂಖ್ಯೆ 18.5ಕ್ಕಿಂತ ಕಡಿಮೆಯಾದರೆ ದೇಹಕ್ಕೆ ಪೋಷಣೆ ಸಾಲದೆಂದು ಅರ್ಥ. 168 ಸೆಂಟಿಮೀಟರ್ ಎತ್ತರದ ನನಗೆ ಬಂದ ಸಂಖ್ಯೆ 16ನ್ನು ಮುಟ್ಟಲಿಲ್ಲ. "ನೀವು 52 ಕಿಲೋ ದಾಟಬೇಕು. ಔಷಧಿ ನಾವು ಕೊಡುತ್ತೇವೆ, ತೂಕವನ್ನು ನೀವು ಗಳಿಸಬೇಕು" ಎಂದರು.

ಔಷಧಿಯ ಲೆಕ್ಕವೂ ತೂಕದ ಮೇಲೆಯೇ ನಿಂತಿದೆಯೆಂಬುದು ನನಗೆ ಆಗ ತಿಳಿಯಿತು. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು ಕೂಡಿದ ಗುಳಿಗೆ, ಮುಂದಿನ ನಾಲ್ಕು ತಿಂಗಳು ಮೂರು ಔಷಧಗಳು ಕೂಡಿದ ಗುಳಿಗೆ. 35ರಿಂದ 49 ಕಿಲೋ ತೂಗುವವರಿಗೆ ದಿನಕ್ಕೆ ಮೂರು ಗುಳಿಗೆ, 50ರಿಂದ 64ರವರೆಗಿನವರಿಗೆ ನಾಲ್ಕು. ಅವುಗಳಲ್ಲಿರುವ ರಿಫಾಂಪಿಸಿನ್ ಎಂಬುದು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಬಲವನ್ನು ಕುಗ್ಗಿಸುತ್ತದೆ. ಆದ್ದರಿಂದ ನನಗೆ ಇನ್ಸುಲಿನ್ ಚುಚ್ಚುಮದ್ದು ಗೊತ್ತಾಯಿತು.

ಇನ್ನು ಊಟದ ಮಾತು. ಒಂದು ಕಾಯಿಲೆ ತಿನ್ನೆನ್ನುತ್ತದೆ, ಇನ್ನೊಂದು ತಡೆ ಎನ್ನುತ್ತದೆ. ನೆರೆಹೊರೆಯವರು ಪ್ರೀತಿಯಿಂದ ಸೂಚಿಸಿದ ಬೆಲ್ಲದ ಪಾಯಸ, ಬಾಳೆಹಣ್ಣು, ಅಂಜೂರದ ಹಲ್ವ, ತುಪ್ಪ ಸಕ್ಕರೆ ಕಲಸಿದ ಅನ್ನ ಇವೆಲ್ಲವೂ ಮೂರು ದಿನದಲ್ಲಿ ರಕ್ತದ ಸಕ್ಕರೆಯನ್ನು ಏರಿಸುವ ಪದಾರ್ಥಗಳು. ಸಕ್ಕರೆ ಹತೋಟಿ ತಪ್ಪಿದರೆ ತಿಂದದ್ದು ಮೂತ್ರದಲ್ಲಿ ಸೋರಿ ಹೋಗುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ. ಗಿರಣಿಯವನಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಹಸಿ ಭತ್ತವೂ ಕಾಟಾದ ಮೇಲೆ ಹೆಚ್ಚು ತೂಗುತ್ತದೆ. ಆದರೆ ತೇವಾಂಶ ಶೇಕಡ 17ನ್ನು ಮೀರಿದರೆ ಸರ್ಕಾರದ ಖರೀದಿಯಲ್ಲಿ ಅದನ್ನು ಕೊಳ್ಳುವುದಿಲ್ಲ. ಮುಳ್ಳು ಏರಿದರೆ ಸಾಲದು, ಏರಿದ್ದು ಕಾಳೋ ನೀರೋ ಎಂದು ನೋಡಬೇಕು. ದೇಹದಲ್ಲಿ ಬೆಳೆಯಬೇಕಾದದ್ದು ಮಾಂಸಖಂಡ.

ಆಸ್ಪತ್ರೆಯ ಆಹಾರ ಸಲಹೆಗಾರ್ತಿ ನಮ್ಮ ಸೀಮೆಯ ಅಡಿಗೆಯಿಂದಲೇ ಪಟ್ಟಿ ಮಾಡಿಕೊಟ್ಟರು. ಬೆಳಗಿನ ಗುಳಿಗೆಯ ನಂತರ ಸ್ವಲ್ಪ ಹೊತ್ತು ಬಿಟ್ಟು ಜೋಳದ ಗಂಜಿಗೆ ಮಜ್ಜಿಗೆ. ಅನಂತರ ರೊಟ್ಟಿ, ಮೊಳಕೆ ಬಂದ ಹೆಸರುಕಾಳಿನ ಪಲ್ಯ, ಎಣ್ಣೆ ಕಲಸಿದ ಶೇಂಗಾ ಚಟ್ನಿಪುಡಿ. ಹತ್ತು ಗಂಟೆಗೆ ಬೇಯಿಸಿದ ಒಂದು ಮೊಟ್ಟೆ. ಮಧ್ಯಾಹ್ನ ಅನ್ನಕ್ಕಿಂತ ಬೇಳೆ ಹೆಚ್ಚಾಗಿ, ಜೊತೆಗೆ ಪುಂಡಿಪಲ್ಯ, ಗಟ್ಟಿ ಮೊಸರು. ಸಂಜೆ ಒಂದು ಹಿಡಿ ಶೇಂಗಾ. ರಾತ್ರಿ ಮತ್ತೆ ರೊಟ್ಟಿ, ಇನ್ನೊಂದು ಮೊಟ್ಟೆ; ಮಲಗುವಾಗ ಸಕ್ಕರೆಯಿಲ್ಲದ ಹಾಲು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 560ಕ್ಕೂ ಮೀರಿದ ಕ್ಯಾಲೊರಿ ಇದೆಯೆಂದು ಕೇಳಿದಾಗ, ಬಡವರ ಬಾದಾಮಿಯೆಂದು ಅದನ್ನು ಕರೆದವರ ಜಾಣ್ಮೆಗೆ ತಲೆದೂಗಿದೆನು.

ಪಟ್ಟಿ ಬರೆಯುವುದು ಸುಲಭ, ಉಣ್ಣುವುದು ಕಷ್ಟ. ಹಸಿವಿಲ್ಲದವನಿಗೆ ಊಟವೆಂಬುದು ಕೂಲಿ ಕೆಲಸ. ಮೊದಲ ವಾರಗಳಲ್ಲಿ ಗುಳಿಗೆಯಿಂದ ಹೊಟ್ಟೆ ತೊಳಸುತ್ತಿತ್ತು; ಒಂದು ರೊಟ್ಟಿಯನ್ನು ಮುಗಿಸಲು ಅರ್ಧ ಗಂಟೆ ಬೇಕಾಗುತ್ತಿತ್ತು. ಕುರುಗೋಡಿನಿಂದ ನೋಡಲು ಬಂದ ಅವ್ವ, "ಆ ದೊಡ್ಡ ಬಸವಣ್ಣನ ಊರಾಗ ಹುಟ್ಟಿ ಹಿಂಗಾದೆಲ್ಲೋ ಮಗನ" ಎಂದು ಕಣ್ಣೊರಸಿಕೊಂಡಳು. ನಮ್ಮೂರ ಗುಡಿಯ ಏಕಶಿಲೆಯ ನಂದಿಗೂ ನನ್ನ ಎಲುಬುಗೂಡಿಗೂ ಹೋಲಿಕೆ ನನಗೇ ನಗೆ ತರಿಸಿತು. ಆ ನಗೆಯಲ್ಲಿ ಇನ್ನೆರಡು ತುತ್ತು ಇಳಿದವು.

ಮಾರ್ಚಿ ಬಂದಿತೆಂದರೆ ಬಳ್ಳಾರಿ ಸೀಮೆಯ ಬಿಸಿಲನ್ನು ಕೇಳಬೇಕೆ? ಆಗ ಆರೋಗ್ಯವಂತನಿಗೂ ನೀರಿನ ಹೊರತು ಏನೂ ರುಚಿಸದು. ನಾವು ಊಟದ ವೇಳೆಯನ್ನೇ ಬದಲಾಯಿಸಿದೆವು. ಹೊತ್ತು ಮೂಡುವುದಕ್ಕೆ ಮುಂಚೆ ಒಂದು ಊಟ, ಹೊತ್ತು ಮುಳುಗಿದ ಮೇಲೆ ಎರಡು; ನಡುವೆ ಮಜ್ಜಿಗೆ, ಶೇಂಗಾ. ಇನ್ಸುಲಿನ್ ಚುಚ್ಚಿಕೊಳ್ಳುವ ಹೊತ್ತನ್ನೂ ವೈದ್ಯರನ್ನು ಕೇಳಿ ಅದಕ್ಕೆ ಸರಿಹೊಂದಿಸಿಕೊಂಡೆವು. ಉಂಡದ್ದು ಮಾಂಸಖಂಡವಾಗಲೆಂದು ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು, ಸಂಜೆ ಕಾಲುವೆಯ ಏರಿಯ ಮೇಲೆ ಉಸಿರು ಬಿಡುವಷ್ಟು ನಡೆಯುವುದು ನನ್ನ ವ್ಯಾಯಾಮವಾಯಿತು.

ಇಷ್ಟರವರೆಗೆ ಹೇಳಿದ್ದು ನನ್ನ ತಟ್ಟೆಯ ಕಥೆ. ನಾನು ಈ ಬರಹಕ್ಕೆ ಕೈಹಾಕಿದ್ದು ಇನ್ನೊಂದು ತಟ್ಟೆಯ ಸಲುವಾಗಿ.

ಎರಡು ತಿಂಗಳು ತುಂಬಿದ ದಿನ ಆಶಾ ಕಾರ್ಯಕರ್ತೆ ತೂಕದ ಯಂತ್ರವನ್ನು ಹೊತ್ತು ಮನೆಗೆ ಬಂದರು. ನನ್ನ ತೂಕ 47.4 ಆಗಿತ್ತು. ಮನೆಯವರೆಲ್ಲ ಸಂತೋಷಪಟ್ಟರು. ಆಕೆ ಯಂತ್ರವನ್ನು ಎತ್ತಿಕೊಳ್ಳದೆ ನನ್ನ ಹೆಂಡತಿಯ ಕಡೆಗೆ ತಿರುಗಿ, "ಅಕ್ಕಾ, ನೀವೂ ಒಮ್ಮೆ ನಿಲ್ಲಿ" ಎಂದರು. ಮನೆಯವರೆಲ್ಲರ ಎದೆಯ ಪರೀಕ್ಷೆಯಾಗಿ, ಅವರಿಗೆ ರೋಗ ತಗಲದಂತೆ ಗುಳಿಗೆ ಆರಂಭವಾದ ದಿನ ಅವಳು 42 ಕಿಲೋ ಇದ್ದಳು. ಈಗ ಯಂತ್ರ ತೋರಿಸಿದ್ದು 40.2.

ಲೆಕ್ಕ ಬಲ್ಲವನಿಗೆ ಹೇಳಬೇಕಾದದ್ದೇನಿದೆ? ನನ್ನ ಪುಟದಲ್ಲಿ ಜಮೆಯಾದ 2.4 ಕಿಲೋದಲ್ಲಿ 1.8 ಕಿಲೋ ಅವಳ ಪುಟದಿಂದ ಖರ್ಚಾಗಿತ್ತು. ಮನೆಗೆ ಬರುವ ಹಾಲು ಅಷ್ಟೇ, ಮೊಟ್ಟೆ ಅಷ್ಟೇ, ಬೇಳೆ ಅಷ್ಟೇ. ರೋಗಿಗೆ ಮೊದಲು, ಮಕ್ಕಳಿಗೆ ಆಮೇಲೆ, ಉಳಿದರೆ ತನಗೆ ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳು ಯಾರೂ ಕಲಿಸದೆ ಕಲಿತ ವಿದ್ಯೆ. ಅದೂ ಅಲ್ಲದೆ ಬಂಧುಗಳೊಬ್ಬರ ಸಲಹೆಯಂತೆ ನನಗೆ ಬೇರೆ ತಟ್ಟೆ, ಬೇರೆ ಮೂಲೆ ಗೊತ್ತಾಗಿತ್ತು. ನಾನು ಉಂಡೆದ್ದ ಮೇಲೆ ಅಡಿಗೆಮನೆಯಲ್ಲಿ ಯಾರ ತಟ್ಟೆಯಲ್ಲಿ ಏನಿದೆಯೆಂಬುದು ಯಾರಿಗೂ ಕಾಣುತ್ತಿರಲಿಲ್ಲ. ಕೇಳಿದಾಗ ಅವಳು, "ನನಗೇನಾಗೇತ್ರಿ? ಕಾಯಿಲೆ ನಿಮಗಲ್ಲವೆ?" ಎಂದಳು. ಅವಳ ಸಂಖ್ಯೆಯೂ 18.5ರ ಕೆಳಗಿದ್ದಿತು. ಕ್ಷಯದ ಬೀಜ ಹೊಕ್ಕಲು ಹುಡುಕುವುದು ಇಂಥ ದೇಹವನ್ನೇ.

ಬಳ್ಳಾರಿಯ ವೈದ್ಯರು ಈ ಸುದ್ದಿ ಕೇಳಿ ಎರಡು ಸಂಶೋಧನೆಗಳ ಸಂಗತಿಯನ್ನು ವಿವರಿಸಿದರು. ಬಳ್ಳಾರಿಯ ಹಳಬರು ವೆಲ್ಲೆಸ್ಲಿ ಸ್ಯಾನಟೋರಿಯಂ ಹೆಸರನ್ನು ಇಂದಿಗೂ ಹೇಳುತ್ತಾರೆ. ಹಿಂದಿನ ಕಾಲದಲ್ಲಿ ಕ್ಷಯ ಬಂದವರನ್ನು ಇಂಥ ಸ್ಯಾನಟೋರಿಯಂಗಳಲ್ಲಿ ತಿಂಗಳುಗಟ್ಟಲೆ ಇರಿಸಿ, ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿಗಳಿಂದ ಉಪಚರಿಸುತ್ತಿದ್ದರು. 1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕ್ಷಯ ಚಿಕಿತ್ಸಾ ಕೇಂದ್ರವು ಒಂದು ಪರೀಕ್ಷೆ ಮಾಡಿತು. ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಅವರವರ ಬಡ ಮನೆಗಳಲ್ಲಿಯೇ ಅದೇ ಔಷಧಿಯನ್ನು ಕೊಟ್ಟರು. 1959ರಲ್ಲಿ ಫಲ ಪ್ರಕಟವಾಯಿತು. ಸ್ಯಾನಟೋರಿಯಂನಲ್ಲಿದ್ದವರು ಹೆಚ್ಚು ತೂಕ ಗಳಿಸಿದ್ದರು. ಆದರೆ ಗುಣವಾದವರ ಪ್ರಮಾಣ ಎರಡು ಕಡೆಯೂ ಹೆಚ್ಚುಕಡಿಮೆ ಸಮನಾಗಿತ್ತು. ಮನೆಯಲ್ಲಿಯೇ ಕ್ಷಯ ಗುಣವಾಗುತ್ತದೆಂಬ ಈ ಸಿದ್ಧಾಂತ ಕೋಟ್ಯಂತರ ಬಡವರಿಗೆ ವರವಾಯಿತು. ಅದರ ಜೊತೆಯಲ್ಲಿಯೇ, ಗುಳಿಗೆಯೊಂದಿದ್ದರೆ ಸಾಕು, ಊಟದ ಮಾತು ಎರಡನೆಯದು ಎಂಬ ಭಾವನೆಯೂ ಬೆಳೆಯಿತು.

ಆ ಭಾವನೆಯನ್ನು ತಿದ್ದಿದವರಲ್ಲಿ ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಪ್ರಮುಖರು. 2019ರಿಂದ 2022ರವರೆಗೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಅವರ ತಂಡ 2,800 ಕ್ಷಯರೋಗಿಗಳಿಗೆ ಔಷಧಿಯ ಜೊತೆಗೆ ತಿಂಗಳು ತಿಂಗಳು ಆಹಾರಧಾನ್ಯದ ಬುಟ್ಟಿಯನ್ನು ಕೊಟ್ಟಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡ 5ರಷ್ಟು ಏರಿದವರಲ್ಲಿ ಸಾವಿನ ಸಂಭವ ಶೇಕಡ 61ರಷ್ಟು ಕಡಿಮೆಯಿತ್ತು. ನನ್ನ 45 ಕಿಲೋಗೆ ಶೇಕಡ 5 ಎಂದರೆ 2.25 ಕಿಲೋ, ಅಷ್ಟನ್ನು ನಾನು ದಾಟಿದ್ದೆನು. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಸಂಶೋಧನೆಯ ಎರಡನೆಯ ಭಾಗ. ಅರ್ಧದಷ್ಟು ಹಳ್ಳಿಗಳ ಕಡೆ ರೋಗಿಗೆ ಮಾತ್ರ ಬುಟ್ಟಿ. ಇನ್ನರ್ಧದಲ್ಲಿ ಮನೆಯ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಮನೆಮಂದಿಯೆಲ್ಲ ಉಂಡ ಕಡೆ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹುಟ್ಟುವುದು ಶೇಕಡ 39ರಷ್ಟು ತಗ್ಗಿತು. ಹರಡುವ ಬಗೆಯ ಕ್ಷಯ ಶೇಕಡ 48ರಷ್ಟು ತಗ್ಗಿತು. ಅಕ್ಕಿ ಬೇಳೆಗಳೇ ಅಲ್ಲಿ ರಕ್ಷೆಯಾದವು.

ಮನೆಗೆ ಬಂದು ನಾವು ಮಾಡಿದ ಮೊದಲ ಕೆಲಸ ಬೇರೆ ತಟ್ಟೆ, ಬೇರೆ ಮೂಲೆಗಳನ್ನು ತೆಗೆದುಹಾಕಿದ್ದು. ಕ್ಷಯ ಹರಡುವುದು ಕೆಮ್ಮಿದ ಗಾಳಿಯಿಂದ, ತಟ್ಟೆ ಲೋಟಗಳಿಂದಲ್ಲ. ಎರಡು ತಿಂಗಳ ಔಷಧಿಯಿಂದ ನನ್ನ ಕಫದಲ್ಲಿ ಬೀಜಾಣುಗಳು ಇಲ್ಲವಾಗಿದ್ದವು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು, ಎಲ್ಲ ತಟ್ಟೆಗಳಿಗೂ ಒಮ್ಮೆಗೇ ಬಡಿಸಿ, ಆಮೇಲೆ ಉಣ್ಣುವುದೆಂದು ಗೊತ್ತುಮಾಡಿದೆವು. ಕ್ಷಯರೋಗಿಯ ಪೋಷಣೆಗೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಕ್ಷಯ ಪೋಷಣ ಯೋಜನೆಯಡಿ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿ, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿತ್ತು. ಆ ಹಣದಲ್ಲಿ ದುಬಾರಿ ಡಬ್ಬಿಯ ಪುಡಿಯನ್ನು ತರದೆ, ಮನೆಗೆಲ್ಲ ಆಗುವಂತೆ ಶೇಂಗಾ, ಬೇಳೆ, ಮೊಟ್ಟೆಗಳನ್ನು ತಂದೆವು. ಅಷ್ಟರಿಂದ ಎಲ್ಲವೂ ಪೂರೈಸಿತೆಂದು ಹೇಳಲಾರೆ. ಹಾಲಿನ ಲೆಕ್ಕಕ್ಕೆ ಅವ್ವ ಕುರುಗೋಡಿನಿಂದ ಎಮ್ಮೆಯೊಂದನ್ನು ಹೊಡೆಸಿ ಕಳಿಸಿದಳು. ಲಾರಿಯಲ್ಲಿ ಬಂದಿಳಿದ ಆ ಎಮ್ಮೆ ಮನೆಯಲ್ಲಿ ನನಗಿಂತ ಹೆಚ್ಚಿನ ಮರ್ಯಾದೆಯನ್ನು ಪಡೆಯಿತು.

ಐದನೆಯ ತಿಂಗಳು ನಾನು 50 ಕಿಲೋ ಮುಟ್ಟಿದಾಗ ಗುಳಿಗೆ ಮೂರರಿಂದ ನಾಲ್ಕಕ್ಕೆ ಏರಿತು. ಔಷಧಿ ಹೆಚ್ಚಾಯಿತೆಂದು ಹಿಗ್ಗಿದ ರೋಗಿ ನಾನೊಬ್ಬನೇ ಇರಬೇಕು. ವರ್ಷ ತುಂಬುವ ವೇಳೆಗೆ ನಾನು 54 ಕಿಲೋ ಆದೆನು, ನನ್ನ ಹೆಂಡತಿ 45. ಕ್ಷಯ ವಾಸಿಯಾಯಿತು. ಆದರೆ ಅದು ಶ್ವಾಸಕೋಶದ ಮೇಲೆ ಬಿಟ್ಟುಹೋದ ಕಲೆ ಉಳಿದಿದೆ. ಮಹಡಿ ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಹೊಟ್ಟಿನ ಧೂಳಿರುವ ಕಡೆ ಕುಳಿತುಕೊಳ್ಳಲಾರೆ. ಸಕ್ಕರೆ ಕಾಯಿಲೆಯೆಂಬ ಹಳೆಯ ನೆಂಟನಂತೂ ಇದ್ದೇ ಇದ್ದಾನೆ. 58 ಮತ್ತೆ ಬರುವುದೋ ಇಲ್ಲವೋ; 52ರ ಕೆಳಗೆ ಇಳಿಯದಂತೆ ಕಾಯುವುದು ಮಾತ್ರ ಜೀವಮಾನದ ಕೆಲಸ.

ನಿಮ್ಮ ಮನೆಯಲ್ಲಿಯೂ ದೀರ್ಘ ಕಾಯಿಲೆಯಿಂದ ಸೊರಗಿದವರು ಒಬ್ಬರಿರಬಹುದು. ಅವರಿಗೆ ಏನು ತಿನ್ನಿಸಬೇಕೆಂಬುದನ್ನು ವೈದ್ಯರು ಹೇಳಿಯಾರು. ನನ್ನ ಬಿನ್ನಹ ಇಷ್ಟೇ: ತಿಂಗಳಿಗೊಮ್ಮೆ ರೋಗಿಯನ್ನು ತೂಗುವಾಗ, ಅವರಿಗೆ ಬಡಿಸುವವರನ್ನೂ ಅದೇ ಯಂತ್ರದ ಮೇಲೆ ನಿಲ್ಲಿಸಿ. ಎರಡು ಸಂಖ್ಯೆಗಳನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಎರಡೂ ಏರುತ್ತಿದ್ದರೆ ಮಾತ್ರ ಆ ಮನೆಯಲ್ಲಿ ಕಾಯಿಲೆ ಇಳಿಯುತ್ತಿದೆಯೆಂದು ತಿಳಿಯಿರಿ.