ಕ್ಯಾಲೆಂಡರಿನ ಹಿಂದೆ ಬರೆದ ಪಟ್ಟಿ

ಪ್ರತಿ ತಿಂಗಳ ಕೊನೆಯ ರಾತ್ರಿ ನಾವು ಕ್ಯಾಲೆಂಡರಿನ ಒಂದು ಹಾಳೆ ಹರಿಯುತ್ತೇವೆ. ಮದ್ದೂರಿನ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರು. ಮುಂದುಗಡೆ ರಾಹುಕಾಲ, ಗುಳಿಕಕಾಲ, ಏಕಾದಶಿ, ಸಂಕಷ್ಟಿ. ಹಿಂದುಗಡೆ ಏನೂ ಇಲ್ಲ, ಬರೀ ಬಿಳಿ. ಆ ಬಿಳಿ ನಮ್ಮ ಪಾಲಿನದು. ಬರುವ ತಿಂಗಳು ಓದಬೇಕಾದ ಪುಸ್ತಕಗಳನ್ನೂ ಮಾಡಬೇಕಾದ ಕೆಲಸಗಳನ್ನೂ ಅದರ ಮೇಲೆ ಬರೆದು, ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸುತ್ತೇವೆ.

ನಾವು ಅಂದರೆ ಒಬ್ಬನೇ. ಆದರೆ ‘ನಾನು’ ಎನ್ನಲು ನಾಲಿಗೆ ಏಳುವುದಿಲ್ಲ. ಅಪ್ಪನ ಕಡೆ, ಅವ್ವನ ಕಡೆ ಎಷ್ಟು ಹುಡುಕಿದರೂ ಬಿ.ಎ. ಮಾಡಿದವರು ಇನ್ನೊಬ್ಬರು ಸಿಗುವುದಿಲ್ಲ. ಅಪ್ಪ ಕಬ್ಬು ಕಡಿದ. ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಹಾಕಿದಳು. ಅಕ್ಕ ಹತ್ತನೇ ತರಗತಿ ಪಾಸಾಗಿಯೂ ಮುಂದಕ್ಕೆ ಹೋಗದೆ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ಇಷ್ಟು ಜನ ಸೇರಿ ಪಡೆದ ಪದವಿಯ ಮೇಲೆ ಒಬ್ಬನ ಹೆಸರು ಬಿದ್ದಿದೆ, ಅಷ್ಟೆ. ಅದಕ್ಕೇ ‘ನಾವು’. ಹಾಗಂತ ನಾವು ತಿಳಿದುಕೊಂಡಿದ್ದೆವು.

ಕಳೆದ ತಿಂಗಳ ಪಟ್ಟಿ ಹೀಗಿತ್ತು. ಎಡಗಡೆ ಓದು: ಬಾಬಾಸಾಹೇಬರ ‘ಜಾತಿ ವಿನಾಶ’, ಜ್ಯೋತಿಬಾ ಫುಲೆಯವರ ‘ಗುಲಾಮಗಿರಿ’, ದೇವನೂರ ಮಹಾದೇವರ ‘ಒಡಲಾಳ’, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಇನ್ನೊಂದು ಸಲ, ಕಾರಂತರ ‘ಚೋಮನ ದುಡಿ’ ಜಗಳವಾಡುತ್ತ ಮೂರನೇ ಸಲ. ಬಲಗಡೆ ಕೆಲಸ: ಬೆಳಿಗ್ಗೆ ಐದಕ್ಕೆ ಏಳುವುದು, ದಿನಕ್ಕೆ ಇಪ್ಪತ್ತು ಪುಟ, ತಿಂಗಳಿಗೆ ಎರಡು ಪದ್ಯ, ಕೇರಿಯ ಹುಡುಗರಿಗೆ ಸಂಜೆ ಪಾಠ, ಬೀಡಿ ಬಿಡುವುದು, ಸಿಟ್ಟು ಕಮ್ಮಿ ಮಾಡುವುದು.

ಈ ಪಟ್ಟಿಯನ್ನು ನಾವು ಹೆಮ್ಮೆಯಿಂದಲೇ ಬರೆಯುತ್ತಿದ್ದೆವು. ಯಾಕೆ ಬರೆಯಬಾರದು? ವೇದ ಕೇಳಿದ ಶೂದ್ರನ ಕಿವಿಗೆ ಸೀಸ ಅರಗು ಕಾಯಿಸಿ ಹುಯ್ಯಬೇಕೆಂದು ಗೌತಮ ಧರ್ಮಸೂತ್ರದಲ್ಲಿ ಬರೆದಿಟ್ಟ ನಾಡಿದು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನು ಭಾಷಣಕ್ಕೆ ಕರೆದು, ಬರೆದ ಭಾಷಣ ನೋಡಿ ಹೆದರಿ ಸಮ್ಮೇಳನವನ್ನೇ ಕೈಬಿಟ್ಟರು. ಅವರು ತಮ್ಮ ದುಡ್ಡಿನಲ್ಲೇ 1500 ಪ್ರತಿ ಅಚ್ಚು ಹಾಕಿಸಿದರು. ಆಡಗೊಡದ ಆ ಮಾತು ಇವತ್ತು ನಮ್ಮ ಮಣ್ಣುಗೋಡೆಯ ಪಟ್ಟಿಯಲ್ಲಿ ಮೊದಲನೆಯದಾಗಿ ನಿಂತಿದೆ ಎಂದರೆ ಅದು ಸಣ್ಣ ಸಂಗತಿಯಲ್ಲ. ಉಳ್ಳವರಿಗೆ ಓದು ಹೊತ್ತು ಕಳೆಯುವ ಬಾಬತ್ತು. ನಮಗೆ ಬಾಕಿ ವಸೂಲಿ.

ಒಂದು ಭಾನುವಾರ ಅಕ್ಕ ತಲೆ ಬಾಚಿಕೊಳ್ಳುತ್ತ ಆ ಪಟ್ಟಿಯ ಮುಂದೆ ನಿಂತಳು. ವಾರದ ಆರು ದಿನ ಅವಳಿಗೆ ಗೋಡೆ ಕಾಣುವಷ್ಟು ಬೆಳಕಿನಲ್ಲಿ ಮನೆಯಲ್ಲಿರುವ ಯೋಗವಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾಳೆ. ಮೇಲಿಂದ ಕೆಳಕ್ಕೆ ಪೂರಾ ಓದಿದಳು. ಆಮೇಲೆ ಕೇಳಿದಳು:

‘ಇದ್ರಲ್ಲಿ ನಾನೆಲ್ಲಿವ್ನಿ ತಮ್ಮಯ್ಯ?’

ನಾವು ನಕ್ಕೆವು. ಪುಸ್ತಕದ ಪಟ್ಟಿಯಲ್ಲಿ ನೀನು ಹೇಗಿರುತ್ತೀಯ ಎಂದೆವು. ಅವಳು ನಗಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಮಡಿಚಿದ ಕಾಗದವೊಂದನ್ನು ತಂದು ಕೈಗೆ ಕೊಟ್ಟಳು.

‘ತಾಲ್ಲೂಕ್ ಆಫೀಸಿನ ಮುಂದೆ ಜೆರಾಕ್ಸ್ ಅಂಗ್ಡೀಲಿ ಕೂತ್ಕಂಡು ಊರೋರ ಅರ್ಜಿಯೆಲ್ಲಾ ಬರ್ದುಕೊಡ್ತೀಯಲ್ಲ, ಇದೊಸಿ ಓದು ನೋಡಾನೆ.’

ಅದು ಅವಳ ಸಂಬಳದ ಚೀಟಿ. ಇಂಗ್ಲಿಷಿನಲ್ಲಿತ್ತು. ಬೇಸಿಕ್, ಡಿ.ಎ., ಪಿ.ಎಫ್., ಇ.ಎಸ್.ಐ., ಮಗ್ಗುಲಲ್ಲಿ ಅಂಕಿಗಳು. ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಆರು ವರ್ಷದಿಂದ ಈ ಚೀಟಿ ನಮ್ಮ ಮನೆಗೆ ಬರುತ್ತಿದೆ. ಆರು ವರ್ಷದಿಂದ ಇದರ ದುಡ್ಡಿನಲ್ಲಿ ನಾವು ಪುಸ್ತಕ ಕೊಂಡಿದ್ದೇವೆ. ಬಿ.ಎ. ಎರಡನೇ ವರ್ಷದ ಫೀಸಿಗೆ ಅಕ್ಕನ ಓಲೆ ಗಿರವಿ ಅಂಗಡಿ ಸೇರಿತ್ತು. ಅದನ್ನು ಬಿಡಿಸಿದ್ದೂ ಇದೇ ಚೀಟಿ. ಇದನ್ನು ಒಂದು ದಿನವೂ ನಾವು ಓದಿರಲಿಲ್ಲ.

ಮೂರು ಸಂಜೆ ಬೇಕಾಯಿತು. ಕಾರ್ಮಿಕ ಸಂಘದ ಹೆಣ್ಣುಮಗಳೊಬ್ಬರು ಬೆರಳಿಟ್ಟು ಒಂದೊಂದೇ ಸಾಲು ಬಿಡಿಸಿ ಹೇಳಿದರು. ಬೇಸಿಕ್ಕು ಡಿ.ಎ. ಕೂಡಿದ್ದರಲ್ಲಿ ನೂರಕ್ಕೆ 12 ರೂಪಾಯಿ ಪಿ.ಎಫ್‌.ಗೆ ಹೋಗಿತ್ತು. ಯಜಮಾನನೂ ತನ್ನ ಪಾಲು ಕಟ್ಟಬೇಕು, ಅದರಲ್ಲೊಂದು ಭಾಗ ಪಿಂಚಣಿಗೆ. ಇ.ಎಸ್.ಐ.ಗೆ ದುಡಿಯುವವರ ಪಾಲು 2019ರ ಜುಲೈಯಿಂದ ನೂರಕ್ಕೆ 0.75. ಅವರೇ ಇನ್ನೊಂದನ್ನೂ ತೋರಿಸಿದರು. ಆಧಾರಿನಲ್ಲಿರುವ ಅಕ್ಕನ ಹೆಸರಿಗೂ ಪಿ.ಎಫ್. ಖಾತೆಯ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ. ಬರೆದುಕೊಂಡವರು ಬಿಟ್ಟಿದ್ದರು. ಅದನ್ನು ತಿದ್ದಿಸದಿದ್ದರೆ ನಾಳೆ ದುಡ್ಡು ಬೇಕೆಂದಾಗ ಅರ್ಜಿ ವಾಪಸ್ಸು ಬರುತ್ತದೆ. ಪದ್ಯದ ಒಂದು ಅಕ್ಷರಕ್ಕಾಗಿ ರಾತ್ರಿಯೆಲ್ಲ ಒದ್ದಾಡುವ ನಮಗೆ ಅಕ್ಕನ ಹೆಸರಿನಲ್ಲಿ ಬಿಟ್ಟುಹೋದ ಅಕ್ಷರ ಆರು ವರ್ಷ ಕಂಡಿರಲಿಲ್ಲ.

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದ ಸುದ್ದಿ ನಮಗೆ ಗೊತ್ತಿತ್ತು. ಯಜಮಾನ ಕಟ್ಟಿದ ಪಿ.ಎಫ್. ಪಾಲನ್ನು 58 ವಯಸ್ಸಾಗುವವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮುಂದೆ ನಿಂತು ನಡೆಸುವ ದೊಡ್ಡ ನಾಯಕರಿಲ್ಲದೆ ಅವರು ರಸ್ತೆ ತುಂಬಿದರು. 19ನೇ ತಾರೀಕೇ ಸರ್ಕಾರ ಆ ನಿಯಮ ವಾಪಸ್ಸು ಪಡೆಯಿತು. ಇದನ್ನು ನಾವು ಎಷ್ಟೋ ಸಭೆಗಳಲ್ಲಿ ಭಾಷಣವಾಗಿ ಹೇಳಿದ್ದೇವೆ, ಚಪ್ಪಾಳೆಯನ್ನೂ ತಗೊಂಡಿದ್ದೇವೆ. ಅದೇ ಪಿ.ಎಫ್. ನಮ್ಮ ಮನೆಯ ಟ್ರಂಕಿನಲ್ಲಿ ಮಡಿಚಿಕೊಂಡು ಕೂತಿದೆ ಎಂದು ಮಾತ್ರ ಹೊಳೆಯಲಿಲ್ಲ.

ಆ ತಿಂಗಳು ಓದು ಬೇರೆ ಥರ ಆಯಿತು. ಬಾಬಾಸಾಹೇಬರ ಬಾಲ್ಯದ ಕಥೆ ನಾವು ಬಲ್ಲದ್ದೇ. ಮಗ ಪುಸ್ತಕ ಕೇಳಿದಾಗ ಕೈಯಲ್ಲಿ ಕಾಸಿಲ್ಲದಿದ್ದರೆ ತಂದೆ ರಾಮಜಿ ಸಕ್ಪಾಲರು ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗುತ್ತಿದ್ದರು. ಸಾಲ ಸಿಗದಿದ್ದರೆ ಮಗಳ ಒಡವೆ ಇಸಕೊಂಡು ಅಡವಿಟ್ಟು ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿ ಕೊಡುತ್ತಿದ್ದರು. ಇದನ್ನು ಕೇರಿಯ ಹುಡುಗರಿಗೆ ಹೇಳುವಾಗ ನಾವು ಯಾವತ್ತೂ ‘ನೋಡ್ರೋ, ಎಂಥಾ ತಂದೆ, ಎಂಥಾ ಮಗ’ ಎಂದೇ ಮುಗಿಸುತ್ತಿದ್ದೆವು. ಒಡವೆ ಬಿಚ್ಚಿಕೊಟ್ಟ ಅಕ್ಕಂದಿರು ಕಥೆಯ ನಡುವೆ ಬಂದು ಹೋಗುತ್ತಿದ್ದರು, ಅಷ್ಟೆ.

‘ಚೋಮನ ದುಡಿ’ 1933ರ ಕಾದಂಬರಿ. ಎರಡು ಸಲ ಓದಿದಾಗಲೂ ನಾವು ಚೋಮನಿಗಾಗಿ, ಅವನಿಗೆ ಸಿಗದ ಭೂಮಿಗಾಗಿ, ಅವನ ದುಡಿಗಾಗಿ ಸಂಕಟಪಟ್ಟಿದ್ದೆವು. ಈ ಸಲ ಕಾರಂತರೊಡನೆ ಜಗಳ ತೆಗೆಯಲು ಕೂತವರು ನಮ್ಮೊಡನೆಯೇ ಜಗಳಕ್ಕೆ ಬಿದ್ದೆವು. ಅಪ್ಪನ ಸಾಲ ತೀರಿಸಲು ಎಸ್ಟೇಟಿಗೆ ಹೋದವಳು ಬೆಳ್ಳಿ. ಸಾಲ ತೀರಿತು, ಅದಕ್ಕೆ ಅವಳು ತೆತ್ತದ್ದು ಏನೆಂದು ಓದಿದವರಿಗೆ ಗೊತ್ತು. ದುಡಿಯ ಸದ್ದಿನಲ್ಲಿ ಆ ಹುಡುಗಿಯ ದನಿ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಪಂಚಾಯಿತಿ ಗ್ರಂಥಾಲಯ ನಮ್ಮೂರಲ್ಲೂ ಇದೆ. ಅಕ್ಕ ಬಸ್ಸಿಳಿಯುವ ಹೊತ್ತಿಗೆ ಅದರ ಬಾಗಿಲು ಹಾಕಿರುತ್ತದೆ. ಅದಕ್ಕೆ ರಾತ್ರಿ ಉಂಡಾದ ಮೇಲೆ ‘ಒಡಲಾಳ’ವನ್ನು ಹತ್ತತ್ತು ಪುಟ ಗಟ್ಟಿಯಾಗಿ ಓದತೊಡಗಿದೆವು. ಅಕ್ಕ ಗೋಡೆಗೊರಗಿ ಕಾಲು ನೀಡಿ ಕೇಳಿದಳು. ಎಷ್ಟೋ ದಿನ ಮೂರನೇ ಪುಟಕ್ಕೇ ನಿದ್ದೆ ಹೋದಳು. ಅವ್ವ ಮಾತ್ರ ನಿದ್ದೆ ಮಾಡಲಿಲ್ಲ. ಮಾರನೆಯ ದಿನ ಬಸ್ಸಿಳಿದು ಬಂದವಳೇ ಅಕ್ಕ ಚಪ್ಪಲಿ ಬಿಡುತ್ತ ಕೇಳುತ್ತಿದ್ದಳು: ‘ಸಾಕವ್ವನ ಹುಂಜ ಸಿಕ್ತೇನವ್ವ?’ ಅವ್ವ ಒಲೆ ಮುಂದಿನಿಂದಲೇ, ‘ಎಲ್ಲಿ ಸಿಕ್ತದೆ, ಇನ್ನೂ ಹುಡುಕ್ತಾವ್ಳೆ’ ಎನ್ನುತ್ತಿದ್ದಳು. ಕಡಲೆಕಾಯಿ ತಿನ್ನುವ ರಾತ್ರಿಯನ್ನು ಅವ್ವ ಎರಡು ಸಲ ಓದಿಸಿದಳು. ಆಮೇಲೆ ಸುಮ್ಮನೆ ಬಹಳ ಹೊತ್ತು ಕೂತಿದ್ದಳು.

ತಿಂಗಳು ಮುಗಿದಾಗ ಐದರಲ್ಲಿ ಎರಡೇ ಪುಸ್ತಕ ಆಗಿದ್ದವು. ಪದ್ಯ ಒಂದೂ ಇಲ್ಲ. ಬೀಡಿ ಬಿಟ್ಟಿಲ್ಲ. ಹೆಸರು ತಿದ್ದುವ ಅರ್ಜಿ ಹಾಕಿದ್ದೇವೆ, ಇನ್ನೂ ಆಗಿ ಬಂದಿಲ್ಲ, ವಾರಕ್ಕೊಮ್ಮೆ ವಿಚಾರಿಸುತ್ತಿದ್ದೇವೆ. ಆದರೂ ಇಷ್ಟು ಓದಿದ ತಿಂಗಳು ನಮಗೆ ಇನ್ನೊಂದಿಲ್ಲ.

ಗೆಳೆಯರೇ, ಈ ಪತ್ರಿಕೆ ಓದುವ ನಿಮ್ಮಲ್ಲೂ ಬಹಳ ಮಂದಿ ಮನೆಯ ಮೊದಲ ಪದವೀಧರರು. ನಿಮ್ಮ ಗೋಡೆಯ ಮೇಲೂ ಇಂಥದೊಂದು ಪಟ್ಟಿ ಇದ್ದೀತು. ದೊಡ್ಡ ಪುಸ್ತಕಗಳನ್ನು ಬಿಡಿ ಎಂದು ನಾವು ಹೇಳುವುದಿಲ್ಲ, ಓದಿ. ನಮ್ಮವರು ಎಷ್ಟೋ ತಲೆಮಾರು ಓದಲಾರದೆ ಹೋದದ್ದು ಅವೇ. ಆದರೆ ನಿಮ್ಮ ಓದಿಗೆ ದುಡ್ಡು ಕೊಟ್ಟ ಕೈಯಲ್ಲಿ ಒಂದು ಕಾಗದ ಮಡಿಚಿ ಕೂತಿರುತ್ತದೆ. ಉದ್ಯೋಗ ಖಾತ್ರಿ ಕೂಲಿಯ ಲೆಕ್ಕವೋ, ಸಂಘದ ಸಾಲದ ಪುಸ್ತಕವೋ, ಆಸ್ಪತ್ರೆ ಚೀಟಿಯೋ. ಅದನ್ನು ಮೊದಲು ಓದಿ. ಅದನ್ನು ಓದಲಾಗದವರು ‘ನಾವು’ ಎಂದು ಬರೆಯುವುದು ಸುಳ್ಳು. ನಾವು ಬರೆದ ‘ನಾವು’ ಬಹಳ ದಿನ ಸುಳ್ಳಾಗಿತ್ತು.

ಈ ತಿಂಗಳ ಪಟ್ಟಿ ಬರೆಯುವಾಗ ಪೆನ್ನನ್ನು ಅಕ್ಕನ ಕೈಗೆ ಕೊಟ್ಟೆವು. ಏನು ಬರೀಲಿ ಎಂದಳು. ನಿನಗೆ ಬೇಕಾದದ್ದು ಎಂದೆವು. ಅವಳು ಮುಂದಕ್ಕೆ ಓದುತ್ತೇನೆ ಎಂದು ಬರೆಯಲಿ ಎಂಬ ಆಸೆ ನಮಗಿತ್ತು. ಅವಳು ಬಲಗಡೆ, ಕೊನೆಯ ಸಾಲಿನಲ್ಲಿ, ಹತ್ತನೇ ತರಗತಿಯ ಅದೇ ದುಂಡು ಅಕ್ಷರದಲ್ಲಿ ಬರೆದಳು: ‘ಭಾನುವಾರ ಎಂಟು ಗಂಟೆವರೆಗೆ ನಿದ್ದೆ. ಯಾರೂ ಏಳಿಸಬಾರದು.’

ಅದರ ಕೆಳಗೆ ನಾವು ಒಂದು ಸಾಲು ಸೇರಿಸಿದೆವು: ‘ಭಾನುವಾರ ನೀರು ತರುವುದು ನಮ್ಮ ಕೆಲಸ.’ ಈವರೆಗೆ ಮೂರು ಭಾನುವಾರ ಕಳೆದಿವೆ. ಎರಡು ಭಾನುವಾರ ತಂದೆವು. ಒಂದು ಭಾನುವಾರ ಓದುತ್ತ ಕೂತು ಮರೆತೆವು.