ಎಡಕ್ಕೇ ಎಳೆಯುವ ಕಾರು

ಸ್ಟೀರಿಂಗ್ ಚೂರು ಸಡಿಲ ಬಿಟ್ಟರೆ ಸಾಕು, ನಮ್ಮ ಹಳೇ ಕಾರು ಎಡಕ್ಕೆ ವಾಲುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ: “ಅಲೈನ್‌ಮೆಂಟ್ ಮಾಡಿಸಿ ಸಾರ್”. ಮಾಡಿಸಿದ್ದೂ ಆಯ್ತು, ದುಡ್ಡು ಕೊಟ್ಟಿದ್ದೂ ಆಯ್ತು, ಕಾರು ಮಾತ್ರ ಹಟ ಬಿಡಲಿಲ್ಲ :-) ಮುಂದಿನ ವಾರ ಅಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯಬೇಕಿತ್ತು. ಸರಿ, ಒಂದೊಂದಾಗಿ ನೋಡುತ್ತಾ ಹೋದೆ.

ಮೊದಲು ಗಾಳಿ. ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಮುಂದಿನ ಟೈರಲ್ಲಿ ಒಂದು ಕಡೆ ಕಡಿಮೆ ಇದ್ದರೆ ಕಾರು ಆ ಕಡೆಗೇ ಎಳೆಯುತ್ತೆ. ನಮ್ಮದರಲ್ಲಿ ಎರಡೂ ಸಮ.

ಆಮೇಲೆ ರಸ್ತೆ. ಮಳೆನೀರು ಹರಿದುಹೋಗಲಿ ಅಂತ ನಡುಭಾಗ ಉಬ್ಬಿಸಿರುತ್ತಾರೆ. ಎಡಬದಿಯಲ್ಲಿ ಹೋಗುವ ನಮ್ಮ ಗಾಡಿಗಳು ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಸಮತಟ್ಟಾದ ಖಾಲಿ ಜಾಗದಲ್ಲಿ ಓಡಿಸಿದೆ. ಅಲ್ಲೂ ಎಡಕ್ಕೇ!

ಮೂರನೆಯದು, ಮುಂದಿನ ಎರಡು ಚಕ್ರ ಅದಲುಬದಲು. (ತಿರುಗುವ ದಿಕ್ಕಿನ ಬಾಣ ಇರುವ ಟೈರಾದರೆ ಹೀಗೆ ಮಾಡಬಾರದು.) ಎಳೆತ ಬಲಕ್ಕೆ ಹೋದರೆ ದೋಷ ಟೈರಿನದು. ಹೋಗಲಿಲ್ಲ.

ಸಸ್ಪೆನ್ಷನ್ ಬಿಚ್ಚಿಸುವ ಮುಂಚೆ ಬ್ರೇಕ್ ನೋಡೋಣ ಅಂತ ಹತ್ತು ಕಿಲೋಮೀಟರ್ ಓಡಿಸಿ, ಜೋರಾಗಿ ಬ್ರೇಕ್ ಒತ್ತದೆ ನಿಲ್ಲಿಸಿ, ಚಕ್ರಗಳ ಹತ್ತಿರ ಕೈ ಹಿಡಿದೆ (ಮುಟ್ಟಬೇಡಿ, ಸುಡುತ್ತೆ). ಎಡಗಡೆ ಮುಂದಿನ ಚಕ್ರ ಕಾದ ಕಾವಲಿ! ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪೆಡಲ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ. ಅದೇ ಬಿಸಿಯಲ್ಲಿ ಘಾಟಿ ಇಳಿದಿದ್ದರೆ... ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಒತ್ತಿದರೂ ಕಾರು ನಿಲ್ಲದು.

ಪಿನ್ ಉಜ್ಜಿ, ಗ್ರೀಸ್ ಹಚ್ಚಿಸಿ, ಎರಡೂ ಕಡೆ ಹೊಸ ಪ್ಯಾಡ್ ಹಾಕಿಸಿದೆ. ಕಾರು ಈಗ ನೆಟ್ಟಗೆ ಹೋಗುತ್ತೆ. ನಿಮ್ಮ ಕಾರೂ ಎಳೆಯುತ್ತಿದ್ದರೆ ಅಲೈನ್‌ಮೆಂಟಿಗೆ ದುಡ್ಡು ಸುರಿಯುವ ಮುಂಚೆ ಚಕ್ರದ ಬಿಸಿ ನೋಡಿ.