ತವರಿನ ದೋಣಿಗೆ ತೇಪೆ

ಹೊರ್ತಿಯ ಹೆಣ್ಣುಮಗಳು ದೋಣಿಯ ವಿಷಯ ಬರೆಯುತ್ತಾಳೆಂದರೆ ನಿಮಗೆ ನಗು ಬಂದೀತು, ಸೋದರಿಯರೇ. ನಮ್ಮದು ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು. ರೇವಣಸಿದ್ಧೇಶ್ವರನ ಗುಡಿಯುಂಟು, ಲಿಂಬಿ-ದ್ರಾಕ್ಷಿಯ ತೋಟಗಳುಂಟು. ಹೊಳೆ ಮಾತ್ರ ಇಲ್ಲ. ಆದರೆ ನನ್ನ ತವರು ಕೊಲ್ಹಾರದ ಕಡೆ, ಕೃಷ್ಣೆಯ ದಂಡೆ. ಅಂಬಿಗರ ಮನೆತನ. ಅಪ್ಪ ಹುಟ್ಟು ಹಾಕಿದ, ಈಗ ತಮ್ಮ ಆಲಮಟ್ಟಿಯ ಹಿನ್ನೀರಿನಲ್ಲಿ ಮೀನಿನ ಬಲೆ ಬೀಸುತ್ತಾನೆ. ಹೋದ ಬೇಸಿಗೆಯಲ್ಲಿ ತವರಿಗೆ ಹೋದವಳು ಅವನ ದೋಣಿ ರಿಪೇರಿಗೆ ಕೈ ಜೋಡಿಸಿದೆ. ಅಲ್ಲಿ ಕಲಿತ ಒಂದು ಮಾತು ದೋಣಿ ಇಲ್ಲದ ಮನೆಗೂ ಉಪಯೋಗ ಬೀಳುವಂಥದ್ದು, ಅದಕ್ಕೇ ಈ ಬರಹ.

ನಮ್ಮ ಅಜ್ಜನ ಕಾಲಕ್ಕೆ ಹರಿಗೋಲು ಇತ್ತು. ಬಿದಿರಿನ ಬುಟ್ಟಿ, ಅದರ ಮೇಲೆ ಚರ್ಮದ ಹೊದಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಇಂಥವೇ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಈಗಿನದು ಫೈಬರ್ ದೋಣಿ. ಗಾಜಿನ ಎಳೆಯ ಬಟ್ಟೆಯನ್ನು ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರ ಕೂಡಿಸಿ ಮಾಡಿದ್ದು. ಎಲ್ಲಕ್ಕೂ ಹೊರಗೆ ಬಣ್ಣದ, ಹೊಳೆಯುವ ಒಂದು ತೆಳು ಪದರವಿರುತ್ತದೆ. ಅದಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಅಷ್ಟೇ. ಹೋಳಿಗೆಯ ಕಣಕ ಇದ್ದಂತೆ ಅನ್ನಿ. ಕಣಕ ಹರಿದರೆ ಹೂರಣ ಹೊರಗೆ ಬರುತ್ತದೆ. ಇಲ್ಲಿ ನೀರು ಒಳಗೆ ಹೋಗುತ್ತದೆ. ನೀರು ಒಳಪದರ ಸೇರಿತೆಂದರೆ ದೋಣಿಯ ಮೈಮೇಲೆ ಗುಳ್ಳೆ ಏಳುತ್ತವೆ, ಪದರಗಳು ಬಿಡುತ್ತವೆ.

ಕಲ್ಲಿಗೆ ತಾಗಿ ಚಕ್ಕೆ ಎದ್ದಿದ್ದರೆ, ಮೇಲೆ ಮೇಲೆ ಗೀರು ಬಿದ್ದಿದ್ದರೆ ಮನೆಯಲ್ಲೇ ಸರಿಪಡಿಸಬಹುದು. ನಾವು ಮಾಡಿದ ಕ್ರಮ ಹೇಳುತ್ತೇನೆ. ಮೊದಲು ಸಾಬೂನಿನಿಂದ ತೊಳೆದು ಒಣಗಿಸಿ, ಆಮೇಲೆ ಅಸಿಟೋನ್ ಹಚ್ಚಿದ ಅರಿವೆಯಿಂದ ಒರೆಸಬೇಕು. ಮೇಣ, ಎಣ್ಣೆಯ ಜಿಡ್ಡು ಉಳಿದರೆ ತೇಪೆ ಹಿಡಿಯುವುದಿಲ್ಲ. ಅಸಿಟೋನ್ ಫಕ್ಕನೆ ಹತ್ತಿಕೊಳ್ಳುವ ವಸ್ತು, ಹತ್ತಿರ ಒಲೆ-ಬೀಡಿ ಕೂಡದು. ಬಿರುಕನ್ನು ಇದ್ದಂತೆಯೇ ತುಂಬಬಾರದು. ಚೂಪಾದ ಉಪಕರಣದಿಂದ ಅದರ ಬಾಯಿ ಅಗಲ ಮಾಡಿ, ಅಂಚನ್ನು 80 ನಂಬರಿನ ಪಾಲಿಶ್ ಕಾಗದದಿಂದ ಉಜ್ಜಿ ಒರಟು ಮಾಡಬೇಕು. ಈ ಧೂಳು ಮೈಗೆ ತಾಗಿದರೆ ನವೆ, ಮೂಗಿಗೆ ಹೋದರೆ ಕೆಟ್ಟದ್ದು. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಆ ಅರಿವೆಗಳನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿ.

ಇನ್ನು ಕಲಸುವ ಕೆಲಸ. ಜೆಲ್‌ಕೋಟ್ ತಾನಾಗಿ ಗಟ್ಟಿಯಾಗದು, ಹಾಲಿಗೆ ಹೆಪ್ಪು ಬೇಕಲ್ಲ, ಹಾಗೆ ಇದಕ್ಕೆ ಹಾರ್ಡನರ್ ಬೇಕು. ಸಾಮಾನ್ಯವಾಗಿ 100 ಗ್ರಾಂಗೆ 1ರಿಂದ 2 ಗ್ರಾಂ. ಡಬ್ಬಿಯ ಮೇಲೆ ಬರೆದ ಅಳತೆಯೇ ಪ್ರಮಾಣ. ನಮ್ಮ ಕಡೆಯ ಬಿಸಿಲಿಗೆ ಕಲಸಿದ್ದು ಕೈಯಲ್ಲೇ ಕಲ್ಲಾಗುತ್ತದೆ. ಆದ್ದರಿಂದ ನಸುಕಿನಲ್ಲಿ, ನೆರಳಿನಲ್ಲಿ, ಬೇಕಾದಷ್ಟೇ ಕಲಸಬೇಕು. ಮಟ್ಟಕ್ಕಿಂತ ಕೊಂಚ ಉಬ್ಬುವಂತೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು. ಗಾಳಿ ತಾಗಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಮರುದಿನ ನೀರು ಹಾಕಿ 220, 400, 600 ನಂಬರಿನ ಕಾಗದದಿಂದ ಕ್ರಮವಾಗಿ ಉಜ್ಜಿ, ಪಾಲಿಶ್ ಹಚ್ಚಿದರೆ ತೇಪೆ ಎಲ್ಲಿದೆ ಎಂದು ಹುಡುಕಬೇಕು.

ಹಾರ್ಡನರ್ ಬಗ್ಗೆ ಒಂದು ಮಾತು, ತಾಯಂದಿರು ಗಮನವಿಟ್ಟು ಓದಿರಿ. ಅದು ನೀರಿನಂತೆ ತಿಳಿಯಾಗಿರುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದ ಕ್ಷಣವೇ ಕನಿಷ್ಠ 15 ನಿಮಿಷ ಧಾರೆಯಾಗಿ ನೀರು ಹಾಕಿ, ತಡಮಾಡದೆ ದವಾಖಾನೆಗೆ ಹೋಗಬೇಕು. ಅದನ್ನು ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ಸುರಿದಿಡಬೇಡಿ. ಕೋಬಾಲ್ಟ್ ಎಂಬ ಇನ್ನೊಂದು ದ್ರಾವಣದೊಡನೆ ಅದನ್ನು ನೇರವಾಗಿ ಬೆರೆಸಿದರೆ ಸಿಡಿದು ಬೆಂಕಿಯೇ ಆದೀತು. ಉಳಿದ ಕಲಸು ಬಟ್ಟಲಲ್ಲೇ ಸುಡುವಷ್ಟು ಕಾಯುತ್ತದೆ, ಅದನ್ನು ಮನೆಯ ಹೊರಗೆ ಮರಳಿನ ಮೇಲೆ ತೆಳ್ಳಗೆ ಹರವಿ ಬಿಡಿ.

ಇಷ್ಟು ಮೈಯ ಮಾತಾಯಿತು. ಇನ್ನು ಮೋಟಾರು. ದೋಣಿಯ ಹಿಂಬದಿಯ ಗೋಡೆಗೆ ಸಿಕ್ಕಿಸಿ ನೀರಿಗೆ ಇಳಿಬಿಡುವ ಔಟ್‌ಬೋರ್ಡ್ ಮೋಟಾರನ್ನು ಕರಾವಳಿಯವರು ಚೆನ್ನಾಗಿ ಬಲ್ಲರು. ಅದರಲ್ಲಿ ಗಿಡ್ಡ ಕಾಲಿನದು, ಉದ್ದ ಕಾಲಿನದು ಎಂದಿವೆ. ಗಿಡ್ಡದ್ದಕ್ಕೆ ಹಿಂಗೋಡೆಯ ಎತ್ತರ ಸುಮಾರು 15 ಅಂಗುಲ, ಉದ್ದದ್ದಕ್ಕೆ 20 ಅಂಗುಲ ಇರಬೇಕು. ಪಂಖದ ಮೇಲೊಂದು ಚಪ್ಪಟೆ ತಗಡು ಇರುತ್ತದೆ. ಅದು ದೋಣಿಯ ತಳಕ್ಕೆ ಸಮನಾಗಿ, ಇಲ್ಲವೇ ಒಂದಂಗುಲ ಕೆಳಗೆ ಬಂದರೆ ಸರಿ. ಮೇಲಾದರೆ ಪಂಖ ಗಾಳಿ ಎಳೆದು ಸುಮ್ಮನೆ ಗರಗರ ತಿರುಗುತ್ತದೆ, ಬಹಳ ಕೆಳಗಾದರೆ ದೋಣಿ ಭಾರವಾಗಿ ಎಳೆಯುತ್ತದೆ. ಮೋಟಾರು ನಟ್ಟನಡುವೆ ಕೂಡಬೇಕು. ಕ್ಲ್ಯಾಂಪು ಬಿಗಿದು ಹತ್ತು ನಿಮಿಷ ಓಡಿಸಿ ಮತ್ತೊಮ್ಮೆ ಬಿಗಿಯಬೇಕು, ಯಾಕೆಂದರೆ ನಡುಗಿ ನಡುಗಿ ಅದು ಸಡಿಲಾಗುತ್ತದೆ. ಮೇಲೊಂದು ಸರಪಳಿ ಕಟ್ಟಬೇಕು. ನಮ್ಮ ಕೇರಿಯ ಒಬ್ಬರ ಮೋಟಾರು ಸರಪಳಿ ಇಲ್ಲದೆ ಹೊಳೆಯ ಪಾಲಾಯಿತು. ಸಾಲ ಮಾತ್ರ ದಂಡೆಯಲ್ಲೇ ಉಳಿಯಿತು.

ಈಗ ನಾನು ಹೇಳಬೇಕೆಂದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ದೋಣಿಯ ಪಕ್ಕದ ಚಕ್ಕೆಗಳನ್ನೆಲ್ಲ ತುಂಬಿ ಮುಗಿಸಿದೆವು. ಮೋಟಾರು ಕೂಡುವ ಜಾಗದಲ್ಲಿ, ಬೋಲ್ಟಿನ ಸುತ್ತ ಕೂದಲೆಳೆಯಂಥ ಬಿರುಕುಗಳಿದ್ದವು. ಜೇಡನ ಬಲೆಯಂತೆ ಹಬ್ಬಿದ್ದವು.

“ಅಕ್ಕಾ, ಇವಕ್ಕೂ ಒಂದು ಕೈ ಹಚ್ಚಿಬಿಡೂಣು, ಕಾಣಂಗಿಲ್ಲ” ಅಂದ ತಮ್ಮ.

ನಮ್ಮ ಕೊಲ್ಹಾರದ ಮೊಸರು ಮಣ್ಣಿನ ಗಡಿಗೆಯಲ್ಲೇ ಮಾರಾಟಕ್ಕೆ ಬರುತ್ತದೆ. ಗಡಿಗೆ ಕೊಳ್ಳುವಾಗ ನಮ್ಮವ್ವ ಬೆರಳಿನಿಂದ ಬಡಿದು ನಾದ ಕೇಳುತ್ತಿದ್ದಳು. ನಾನೂ ಒಂದು ರೂಪಾಯಿ ನಾಣ್ಯ ತಗೊಂಡು ದೋಣಿಯನ್ನು ಬಡಿಯುತ್ತ ಹೋದೆ. ಪಕ್ಕದಲ್ಲೆಲ್ಲ ಟಣ್ ಟಣ್ ಎಂದಿತು. ಹಿಂಗೋಡೆಗೆ ಬಂದಾಗ ನಾದ ಸತ್ತು ದಬ್ ದಬ್ ಅಂತು.

“ತಮ್ಮಾ, ಒಂದು ಬೋಲ್ಟ್ ಬಿಚ್ಚಿ ನೋಡಪಾ” ಅಂದೆ. ಬಿಚ್ಚಿದರೆ ಏನು ಬಂತೆಂದಿರಿ? ಕರ್ರಗಿನ ನೀರು, ಅದರ ಹಿಂದೆ ಕೊಳೆತ ಕಟ್ಟಿಗೆಯ ಪುಡಿ! ಅನೇಕ ದೋಣಿಗಳ ಹಿಂಗೋಡೆಯ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನ ಸುತ್ತ ನೀರು ಹೋಗದಂತೆ ದೋಣಿಗೆಂದೇ ಬರುವ ಸೀಲೆಂಟ್ ತುಂಬದಿದ್ದರೆ ಹನಿಹನಿಯಾಗಿ ನೀರಿಳಿದು ಅದು ಕೊಳೆಯುತ್ತದೆ. ಆ ಗೋಡೆಯೇ ಮೋಟಾರಿನ ಭಾರ ಹೊರಬೇಕು, ದೋಣಿಯನ್ನು ಮುಂದೆ ದೂಡುವ ಬಲ ತಡೆಯಬೇಕು. ಅದು ಅಲುಗಾಡಿದ್ದಕ್ಕೇ ಮೇಲೆ ಬಿರುಕು ಮೂಡಿತ್ತು. ಬಿರುಕು ರೋಗವಲ್ಲ, ರೋಗದ ಗುರುತು.

ಅಂದು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಹಿಂಗೋಡೆ ಕೊರೆದು ಒಳಗಿನ ಕಟ್ಟಿಗೆ ತೆಗೆದು ಹೊಸದು ಕೂಡಿಸುವುದು ಮನೆಯ ಕೆಲಸವಲ್ಲ, ದೋಣಿ ಕಟ್ಟುವವರದು. ಮೂರು ವಾರ ಬಲೆ ಬೀಸುವಂತಿಲ್ಲ. ತಮ್ಮನ ಹೆಂಡತಿ ಮಾತಾಡದೆ ಕೈಯ ಬಳೆ ನೋಡಿಕೊಂಡಳು. ಆದರೆ ನನ್ನ ಸೋದರಳಿಯ, ಹದಿನಾರರ ಹುಡುಗ, ದಿನಾ ಅದೇ ದೋಣಿಯ ಹಿಂಬದಿಗೆ ಕೂಡುವವನು. ನಡುನೀರಿನಲ್ಲಿ ಆ ಗೋಡೆ ಕಿತ್ತು ಬಂದರೆ? ಕಡೆಗೆ ಅವಳೇ ಅಂದಳು, “ಬಳಿ ಮತ್ತ ಮಾಡಿಸಬಹುದು ಬಿಡ್ರಿ. ದೋಣಿ ಕಳಸ್ರಿ.” ದೋಣಿ ಹೋಯಿತು, ಗಟ್ಟಿಯಾಗಿ ಬಂತು. ಅಡವಿಟ್ಟ ಬಳೆ ಇನ್ನೂ ಬಿಡಿಸಿಕೊಳ್ಳಬೇಕಾಗಿದೆ.

2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದು ನಮ್ಮ ಜಿಲ್ಲೆಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಅಂಥ ಹೊತ್ತಿಗೆ ದೋಣಿಯ ಬಣ್ಣ ಯಾರೂ ನೋಡುವುದಿಲ್ಲ, ಅದು ದಡ ಮುಟ್ಟಿಸುತ್ತದೆಯೋ ಇಲ್ಲವೋ ಅಷ್ಟೇ.

ದೋಣಿ ಇಲ್ಲದ ಸೋದರಿಯರೇ, ನಿಮ್ಮ ಮನೆಯಲ್ಲೂ ಮಾಳಿಗೆಯ ಗೋಡೆಗೆ, ತೊಲೆಗೆ, ನೀರಿನ ಟಾಕಿಯ ಕಟ್ಟೆಗೆ ಬಿರುಕು ಬಿದ್ದೀತು. ಹಬ್ಬ ಬಂತೆಂದು ಸುಣ್ಣ ಬಳಿಯುವ ಮೊದಲು ಒಂದು ಸಲ ಬಡಿದು ನೋಡಿರಿ. ಭಾರ ಹೊರದ ಕಡೆಯ ಗೀರಿಗೆ ನಿಮ್ಮ ಕೈಯ ತೇಪೆ ಸಾಕು. ಭಾರ ಹೊರುವ ಕಡೆ ಬಿರುಕು ಕಂಡರೆ ಮುಚ್ಚಬೇಡಿ, ಬಿಚ್ಚಿ ನೋಡಿ, ಬಲ್ಲವರನ್ನು ಕರೆಸಿ. ಇನ್ನು ಹೊಳೆಯ ದಂಡೆಯ ಅಕ್ಕ-ತಂಗಿಯರಿಗೆ ಒಂದೇ ಬೇಡಿಕೆ: ಗಂಡ-ಮಕ್ಕಳು ದೋಣಿ ಹತ್ತುವಾಗ ಬುತ್ತಿಯ ಜೊತೆಗೆ ಲೈಫ್ ಜಾಕೆಟನ್ನೂ ಕೈಗೆ ಕೊಡಿರಿ, ತೊಟ್ಟ ಮೇಲೆಯೇ ಹಗ್ಗ ಬಿಚ್ಚಲು ಹೇಳಿರಿ.